ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್

ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೋಗುವ ಏರ್ ರೈಫಲ್ ಪೆಲೆಟ್ಟಿಗೆ ಒಂದು ಅಡಿ ದಾಟಲು 2 ಮಿಲಿಸೆಕೆಂಡೂ ಬೇಡ. ಆ ಚೂರು ಹೊತ್ತನ್ನು ಹಿಡಿದು ವೇಗದ ಲೆಕ್ಕ ಒಪ್ಪಿಸುವ ಉಪಕರಣ ಕ್ರೋನೋಗ್ರಾಫ್. ಅದೇ ಹೆಸರಿನ ಕೈಗಡಿಯಾರವೇ ಬೇರೆ, ಇದೇ ಬೇರೆ.

ಲೋಲಕದ ಕಾಲ

ಗುಂಡಿನ ವೇಗವನ್ನು ನಂಬುವಂತೆ ಅಳೆದು ತೋರಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. 1742ರ ತನ್ನ ಪುಸ್ತಕದಲ್ಲಿ ಅವನು ವಿವರಿಸಿದ ಉಪಾಯ ಇಷ್ಟೇ: ತೂಗುಬಿಟ್ಟ ಭಾರದ ಲೋಲಕಕ್ಕೆ ಗುಂಡು ಹೊಡೆ, ಅದು ಎಷ್ಟು ಹಿಂದಕ್ಕೆ ಸರಿಯಿತು ನೋಡು, ಅದರಿಂದ ವೇಗ ಲೆಕ್ಕ ಹಾಕು. ಗಣಿತಜ್ಞ ಆಯ್ಲರ್ 1745ರಲ್ಲಿ ಈ ಪುಸ್ತಕವನ್ನು ತನ್ನ ಟಿಪ್ಪಣಿಗಳೊಂದಿಗೆ ಜರ್ಮನ್ ಭಾಷೆಗೆ ತಂದ. ರಾಬಿನ್ಸ್ ಕೊನೆಯುಸಿರೆಳೆದದ್ದು ನಮ್ಮ ನೆರೆಯಲ್ಲೇ. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದವನು 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಮುಂದಿನ ಶತಮಾನದಲ್ಲಿ ಬೆಲ್ಜಿಯಂನ ಲ ಬುಲಾಂಜೆ ವಿದ್ಯುತ್ ತಂತಿಗಳ ಎರಡು ಪರದೆ ಹೂಡಿದ. ಗುಂಡು ಮೊದಲ ತಂತಿ ಕಡಿದರೆ ಒಂದು ಸರಳು ಬೀಳತೊಡಗುತ್ತದೆ. ಎರಡನೆಯದು ಕಡಿದರೆ ಬೀಳುತ್ತಿರುವ ಸರಳಿನ ಮೇಲೆ ಗುರುತು ಮೂಡುತ್ತದೆ. ತಂತಿ ಹೋಗಿ ಬೆಳಕು ಬಂದರೂ ಎರಡು ಬಾಗಿಲು, ನಡುವಿನ ಹೊತ್ತು ಎಂಬ ಲೆಕ್ಕ ಬದಲಾಗಿಲ್ಲ.

ಯಾವುದನ್ನು ಕೊಳ್ಳುವುದು?

ಹೆಚ್ಚು ಬಳಕೆಯಲ್ಲಿರುವುದು ಬೆಳಕಿನ ಬಗೆ. ಮೇಲೆ ಹಾದುಹೋಗುವ ಗುಂಡಿನ ನೆರಳನ್ನು ಎರಡು ಸೆನ್ಸರ್‌ಗಳು ಹಿಡಿಯುತ್ತವೆ. ಅಗ್ಗ, ಆದರೆ ಸೆನ್ಸರ್‌ಗಳ ಅಂತರ ಒಂದೇ ಅಡಿಯಾದರೆ 1 ಮಿ.ಮೀ. ಹೆಚ್ಚುಕಮ್ಮಿಯೂ ಸುಮಾರು 0.3% ತಪ್ಪು ತರುತ್ತದೆ. ಅಂತರ ಹೆಚ್ಚಿದಷ್ಟೂ ಒಳ್ಳೆಯದು. ನಳಿಗೆಗೇ ಕಟ್ಟುವ ವಿದ್ಯುತ್ಕಾಂತೀಯ ಬಗೆಗೆ ಬೆಳಕಿನ ಹಂಗಿಲ್ಲ. ಆದರೆ ಅದರ ತೂಕಕ್ಕೆ ಬ್ಯಾರೆಲ್ಲಿನ ಕಂಪನ ಬದಲಾಗಿ ಗುಂಡು ಬೀಳುವ ಜಾಗವೇ ಸರಿಯುತ್ತದೆ. ಅದನ್ನು ಕಟ್ಟಿಕೊಂಡು ಗುರಿ ಪರೀಕ್ಷಿಸಬಾರದು.

ಮೂರನೆಯದು ಡಾಪ್ಲರ್ ರಾಡಾರ್. ಸೆಕೆಂಡಿಗೆ 800 ಮೀಟರ್ ಓಡುವ ಗುಂಡಿಗೆ ತಗುಲಿ ಮರಳಿದ 24 ಗಿಗಾಹರ್ಟ್ಸ್ ಅಲೆಯ ಆವರ್ತನ ಸುಮಾರು 128 ಕಿಲೋಹರ್ಟ್ಸ್‌ನಷ್ಟು ಬದಲಾಗಿರುತ್ತದೆ. 2023ರಲ್ಲಿ ಬಂದ ಗಾರ್ಮಿನ್ ಕ್ಸೀರೋ ಸಿ1 ಪ್ರೊ ಅಂಗೈಯಗಲದ ಇಂಥ ಪೆಟ್ಟಿಗೆ. ಬಂದೂಕಿನ ಪಕ್ಕದಲ್ಲಿಟ್ಟರೆ ಸಾಕು, ಗುಂಡಿನ ದಾರಿಗೆ ಅಡ್ಡ ಬರುವುದೇ ಇಲ್ಲ. ಅನುಕೂಲ ಬಹಳ, ಬೆಲೆಯೂ ಬಹಳ. ಒಂದೇ ಏರ್ ರೈಫಲ್ ಇರುವವರಿಗೆ ಸ್ವಂತ ಇನ್‌ಫ್ರಾರೆಡ್ ದೀಪವಿರುವ ಬೆಳಕಿನ ಬಗೆಯೇ ಸಾಕೆಂದು ನನ್ನ ಅನಿಸಿಕೆ.

ಇಡುವ ರೀತಿ

ಬೆಳಕಿನ ಯಂತ್ರಕ್ಕೆ ಮೋಡ ಕವಿದ ಹಗಲು ಹಬ್ಬ. ಬಿಸಿಲಿದ್ದರೆ ಮೇಲೆ ಬಿಳಿ ಮರೆ ಬೇಕು. ಒಳಾಂಗಣದಲ್ಲಿ ಹಳೆಯ ಟ್ಯೂಬ್‌ಲೈಟು ದೊಡ್ಡ ಪೀಡೆ: 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಸೆನ್ಸರ್ ಅದನ್ನೇ ಗುಂಡೆಂದುಕೊಂಡು ಇಲ್ಲದ ಅಂಕಿ ತೋರಿಸುತ್ತದೆ.

ಮದ್ದಿನ ಬಂದೂಕಾದರೆ ಯಂತ್ರವನ್ನು ನಳಿಗೆಯ ಬಾಯಿಂದ 10ರಿಂದ 15 ಅಡಿ ಮುಂದಿಡಬೇಕು. ಹತ್ತಿರವಿಟ್ಟರೆ ಗುಂಡಿಗಿಂತ ಮೊದಲು ಅನಿಲದ ಹೊಡೆತವೇ ಸೆನ್ಸರ್ ಮುಟ್ಟುತ್ತದೆ. ಏರ್ ರೈಫಲ್ಲಿಗೆ ಎರಡು ಮೂರು ಅಡಿ ಸಾಕು. ಹೊಡೆಯುವ ಮುನ್ನ ನಳಿಗೆಯ ನೇರಕ್ಕೆ ಕಣ್ಣಿಟ್ಟು ನೋಡಿ. ಸ್ಕೋಪು ನಳಿಗೆಗಿಂತ ಎರಡಂಗುಲ ಮೇಲಿರುವುದು ಮರೆತು ಯಂತ್ರಕ್ಕೇ ಗುಂಡು ಹೊಡೆದವರು ಕಡಿಮೆಯಿಲ್ಲ.

ಅಂಕಿ ಓದುವುದು

ಒಂದು ಹೊಡೆತದ ಅಂಕಿಗೆ ಬೆಲೆಯಿಲ್ಲ. ಐದು ಹೊಡೆತದಿಂದ ಬಂದ ಸ್ಟ್ಯಾಂಡರ್ಡ್ ಡೀವಿಯೇಷನ್ (ವೇಗಗಳು ಸರಾಸರಿಯಿಂದ ಚದುರಿದ ಅಳತೆ) 3 ಎಂದಿದ್ದರೆ ನಿಜವಾದದ್ದು 2ರ ಆಸುಪಾಸಿನಿಂದ 8ಕ್ಕೂ ಮೇಲಿನವರೆಗೆ ಎಲ್ಲಾದರೂ ಇರಬಹುದು. ಕಡೇಪಕ್ಷ ಇಪ್ಪತ್ತು ಹೊಡೆತ ಬರೆದಿಡಿ, ಬಂದ ಕ್ರಮದಲ್ಲೇ. ಸರಾಸರಿಗಿಂತ ಕ್ರಮವೇ ಹೆಚ್ಚು ಹೇಳುತ್ತದೆ. ಬಂದೂಕು ಹತ್ತು ನಿಮಿಷ ಸುಮ್ಮನಿದ್ದು ಹೊಡೆದ ಮೊದಲ ಪೆಲೆಟ್ಟು ಮಾತ್ರ ಜೋರಾಗಿ ಹೋದರೆ ಸಂಶಯ ಗಾಳಿಯ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರಿನ ಮೇಲೆ. ಅದರ ಮೂಲಕ ನಿಧಾನಕ್ಕೆ ಗಾಳಿ ಸೋರಿ ಅದರ ಮುಂದಿನ ಒತ್ತಡ ಏರಿರುತ್ತದೆ. ಸ್ಪ್ರಿಂಗ್ ಬಂದೂಕಿನಲ್ಲಿ ಎಣ್ಣೆ ಬಿಟ್ಟ ಮೇಲಿನ ಕೆಲವು ಹೊಡೆತ ಚುರುಕಾದರೆ ಒಳಗೆ ಎಣ್ಣೆಯೇ ಹೊತ್ತಿ ಉರಿಯುತ್ತಿದೆ ಎಂದರ್ಥ.

ವೇಗದ ಈ ವ್ಯತ್ಯಾಸ ಎಷ್ಟು ಮುಖ್ಯ? ಹತ್ತು ಮೀಟರ್ ಹೋಗುವಷ್ಟರಲ್ಲಿ 170ರ ವೇಗದ ಪೆಲೆಟ್ಟು ಸುಮಾರು 17 ಮಿ.ಮೀ. ಕುಸಿಯುತ್ತದೆ, 165ರದ್ದು 18. ಆ ಒಂದು ಮಿಲಿಮೀಟರ್ ದಶಮಾಂಶ ಅಂಕಗಳ ಸ್ಪರ್ಧೆಯಲ್ಲಿ 0.4 ಅಂಕ.

ಜೂಲ್ ಲೆಕ್ಕ

0.53 ಗ್ರಾಂ ಪೆಲೆಟ್ಟು 170 ಮೀಟರ್ ವೇಗದಲ್ಲಿ ಹೊತ್ತೊಯ್ಯುವ ಶಕ್ತಿ ಸುಮಾರು 7.7 ಜೂಲ್. ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳು ಏರ್‌ಗನ್ನಿಗೆ ಎಳೆದ ಗೆರೆ 20 ಜೂಲ್. ಇದೇ ಪೆಲೆಟ್ಟಿಗೆ ಅದು ಸೆಕೆಂಡಿಗೆ ಸುಮಾರು 275 ಮೀಟರ್. ಪೆಲೆಟ್ಟು ಬದಲಿಸಿದರೆ ಅಂಕಿಯೂ ಬದಲು. ಆದ್ದರಿಂದ ಕ್ರೋನೋಗ್ರಾಫ್ ಕೊಳ್ಳುವವರು ಜೊತೆಗೊಂದು ಮಿಲಿಗ್ರಾಂ ತಕ್ಕಡಿಯನ್ನೂ ಕೊಳ್ಳುತ್ತಾರೆ.