ಓಲೆಗರಿಯಿಂದ ಯುನಿಕೋಡ್‌ವರೆಗೆ: ಪಠ್ಯದ ಬಾಳಿಕೆಯ ಪ್ರಶ್ನೆ

ಬರಹದ ಸಾಧನ ಬದಲಾದಾಗಲೆಲ್ಲ ಪಠ್ಯವನ್ನು ಉಳಿಸುವ ಹೊಣೆಯೂ ಕೈ ಬದಲಾಯಿಸಿರುವುದು ಕನ್ನಡ ಗ್ರಂಥಪರಂಪರೆಯಲ್ಲಿ ಕಂಡುಬರುತ್ತದೆ. ಓಲೆಗರಿಯ ಕಾಲದಲ್ಲಿ ಈ ಹೊಣೆ ಲಿಪಿಕಾರನದಾಗಿತ್ತು. ಗರಿ ಶಿಥಿಲವಾಗುವ ಮೊದಲು ಪ್ರತಿ ಮಾಡದಿದ್ದರೆ ಕೃತಿಯೇ ಇಲ್ಲವಾಗುತ್ತಿತ್ತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಮುದ್ರಣ ಹಬ್ಬಿದಂತೆ ಒಂದೇ ಪಠ್ಯದ ಹಲವು ಪ್ರತಿಗಳು ಹಲವು ಊರುಗಳಲ್ಲಿ ಉಳಿಯುವುದು ಸಾಧ್ಯವಾಯಿತು. ಗಣಕದ ಯುಗದಲ್ಲಿ ಈ ಹೊಣೆ ಯಾರದೆಂಬುದು ವಿಚಾರಾರ್ಹವಾದ ಪ್ರಶ್ನೆ.

20ನೆಯ ಶತಮಾನದ ಕೊನೆಯಲ್ಲಿ ಮೊಳೆ ಜೋಡಣೆಯ ಸ್ಥಾನವನ್ನು ಡಿ.ಟಿ.ಪಿ. ಪಡೆಯಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಕನ್ನಡ ಬರವಣಿಗೆಯನ್ನು ಸಾಮಾನ್ಯರ ಕೈಗೆಟುಕಿಸಿದವು. ಆದರೆ ಅಂದಿನ ಫಾಂಟುಗಳು ಬಹುತೇಕ ದಾಖಲಿಸುತ್ತಿದ್ದುದು ಅಕ್ಷರವನ್ನಲ್ಲ, ಅದರ ಆಕಾರವನ್ನು. ಕೊಂಬು, ದೀರ್ಘ, ಒತ್ತುಗಳ ತುಣುಕುಗಳು ರೋಮನ್ ಲಿಪಿಯ ಸಂಕೇತಸ್ಥಾನಗಳಲ್ಲಿ ಕುಳಿತಿದ್ದವು. ಆ ಫಾಂಟಿಲ್ಲದ ಗಣಕದಲ್ಲಿ ಅದೇ ಕಡತ ಅರ್ಥಹೀನ ಚಿಹ್ನೆಗಳ ಸಾಲಾಗುತ್ತಿತ್ತು. ಮುದ್ರಣವೊಂದೇ ಗುರಿಯಾಗಿದ್ದಾಗ ಇದು ಕೊರತೆಯೆನಿಸಲಿಲ್ಲ. ಪದ ಹುಡುಕುವ, ಮರುಮುದ್ರಿಸುವ ಸಂದರ್ಭದಲ್ಲಿ ತೊಡಕು ಬಯಲಾಯಿತು.

1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಇಲ್ಲಿ ಅಕ್ಷರಕ್ಕೆ ಎಲ್ಲೆಡೆಯೂ ಒಂದೇ ಸಂಕೇತ; ಕ್ರಮ ಉಚ್ಚಾರಣೆಯದು. ‘ಧರ್ಮ’ ಎಂಬ ಪದದಲ್ಲಿ ಹಳೆಯ ಫಾಂಟು ಕಣ್ಣಿಗೆ ಕಾಣುವಂತೆ ಮಕಾರದ ಬಳಿಕ ಅರ್ಕಾವತ್ತನ್ನು ಇಟ್ಟರೆ, ಯುನಿಕೋಡ್ ರೇಫವನ್ನು ಮೊದಲು ಇಡುತ್ತದೆ. ಆದ್ದರಿಂದ ಹಳೆಯ ಕಡತಗಳ ಪರಿವರ್ತನೆಗೆ ಪಠ್ಯಪರಿಷ್ಕರಣದ ಎಚ್ಚರವೇ ಬೇಕಾಗುತ್ತದೆ. ಈ ವ್ಯವಸ್ಥೆಯೂ ದೋಷಮುಕ್ತವಲ್ಲ. ಹಳಗನ್ನಡದ ‘ೞ’ಕಾರಕ್ಕೆ ಅದರಲ್ಲಿ ‘ಫ’ ಎಂಬ ತಪ್ಪು ಹೆಸರು ಸೇರಿತು. ಒಮ್ಮೆ ನೆಲೆಗೊಂಡ ಹೆಸರನ್ನು ತಿದ್ದುವ ಅವಕಾಶವಿಲ್ಲದ ಕಾರಣ ಸರಿಯಾದ ಹೆಸರನ್ನು ಪರ್ಯಾಯವಾಗಿ ನೀಡಬೇಕಾಯಿತು. ಲಿಪಿಕಾರನ ಸ್ಖಾಲಿತ್ಯವನ್ನು ಮುಂದಿನ ಪ್ರತಿಕಾರ ತಿದ್ದಬಹುದಿತ್ತು. ಇಲ್ಲಿ ತಪ್ಪು ಮತ್ತು ತಿದ್ದುಪಡಿ ಎರಡೂ ಜೊತೆಯಾಗಿ ಉಳಿದಿವೆ.

ಜಾನಪದ ಪಠ್ಯಗಳ ಮಟ್ಟಿಗೆ ಈ ಪ್ರಶ್ನೆ ಇನ್ನೂ ತೀವ್ರವಾದುದು. ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ತುಳು ಸಿರಿ ಪಾಡ್ದನವನ್ನು ಲೌರಿ ಹಾಂಕೊ ಮತ್ತು ಸಂಗಡಿಗರು ದಾಖಲಿಸಿದರು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಗ್ರಂಥರೂಪ ಪಡೆಯಿತು. ಗ್ರಂಥವು ಸಾಲನ್ನು ಉಳಿಸುತ್ತದೆ. ಏರಿಳಿತ, ನಿಲುಗಡೆ, ಸೊಲ್ಲಿನ ಮರುಕಳಿಕೆಗಳು ಪುಟದ ಹೊರಗುಳಿಯುತ್ತವೆ. ಧ್ವನಿ, ದೃಶ್ಯ, ಪಠ್ಯಗಳನ್ನು ಒಂದೆಡೆ ಜೋಡಿಸುವ ಸಾಮರ್ಥ್ಯ ಡಿಜಿಟಲ್ ಮಾಧ್ಯಮಕ್ಕಿದೆ. ಮುದ್ರಣವು ಬೇರ್ಪಡಿಸಿದ ಕಂಠವನ್ನೂ ಪಠ್ಯವನ್ನೂ ಮತ್ತೆ ಕೂಡಿಸುವುದೇ ಅದರ ಹೆಚ್ಚುಗಾರಿಕೆ.

ಆದರೆ ಓಲೆಗರಿ ನೂರಾರು ವರ್ಷ ಬಾಳಿದ್ದುಂಟು. ಫಾಂಟು ಕಳೆದುಹೋದ ಕಡತ ಒಂದೇ ತಲೆಮಾರಿನಲ್ಲಿ ಮೂಕವಾಗಬಲ್ಲದು. ಕ್ಷೇತ್ರಕಾರ್ಯದ ಧ್ವನಿಮುದ್ರಿಕೆಗಳನ್ನು, ಹಳೆಯ ಡಿ.ಟಿ.ಪಿ. ಕಡತಗಳನ್ನು ಯುನಿಕೋಡ್ ಪಠ್ಯದೊಂದಿಗೆ ಹಲವೆಡೆ ಪ್ರತಿ ಮಾಡಿ ಕಾಯುವುದು ಈ ಕಾಲದ ಲಿಪಿಕಾರಿಕೆ. ಲಿಪಿಕಾರನ ಆ ಹೊಣೆ ಇಂದು ಗ್ರಂಥಾಲಯಗಳದೂ ಸಂಶೋಧಕರದೂ ಆಗಿದೆ.