ಸೆರೆಯಾದ ಮನಸ್ಸು, ಪರದೇಶದ ಮೌನ

ನಿರಂಕುಶ ಪ್ರಭುತ್ವಕ್ಕೆ ಬುದ್ಧಿವಂತರು ತಲೆಬಾಗುವುದು ಬರೀ ಜೀವಭಯದಿಂದಲೇ? ಪೋಲಿಷ್ ಕವಿ ಚೆಸ್ಲಾವ್ ಮಿಲೋಷ್ (1911–2004) ಈ ಪ್ರಶ್ನೆಯನ್ನು ಒಳಗಿನಿಂದ ಬಲ್ಲವರು. ಯುದ್ಧಾನಂತರ ಪೋಲೆಂಡಿನ ರಾಜತಾಂತ್ರಿಕರಾಗಿ ವಾಷಿಂಗ್ಟನ್, ಪ್ಯಾರಿಸ್‌ಗಳಲ್ಲಿದ್ದ ಅವರು 1951ರಲ್ಲಿ ಫ್ರಾನ್ಸಿನ ಆಶ್ರಯ ಕೋರಿದರು.

1953ರ 'ದಿ ಕ್ಯಾಪ್ಟಿವ್ ಮೈಂಡ್' ಕೃತಿಯಲ್ಲಿ ಅವರು ಕೊಟ್ಟ ಉತ್ತರ ಸರಳವಾದುದಲ್ಲ. ಭಯವಿದ್ದದ್ದು ನಿಜ; ಆದರೆ ಚರಿತ್ರೆಯ ಗೆಲ್ಲುವ ಪಕ್ಷದಲ್ಲಿರಬೇಕೆಂಬ ಹಂಬಲವೂ ಇತ್ತು. ಹೊರಗೆ ಜಯಕಾರ, ಒಳಗೆ ಬಚ್ಚಿಟ್ಟ ನಂಬಿಕೆ: ಈ ಇಬ್ಬಗೆಯ ಬಾಳಿಗೆ ಅವರು ಪರ್ಷಿಯಾದಿಂದ ಎರವಲು ತಂದ ಹೆಸರು 'ಕೆಟ್ಮನ್'. ಬಹುಕಾಲ ತೊಟ್ಟ ವೇಷ ಕೊನೆಗೆ ಮುಖಕ್ಕೇ ಅಂಟಿಕೊಳ್ಳುತ್ತದೆ ಎಂಬುದೇ ಅದರ ಅಪಾಯ.

ಹೊರಬಂದವರಿಗೆ ಹೂಹಾರವೇನೂ ಕಾದಿರಲಿಲ್ಲ. ಪ್ಯಾರಿಸ್ಸಿನ ಅನೇಕ ಎಡಪಂಥೀಯರಿಗೆ ಅವರು ದ್ರೋಹಿ. ದೇಶಬಿಟ್ಟ ಅನೇಕ ಪೋಲಿಷರಿಗೆ ಹಳೆಯ ಸರ್ಕಾರದ ಆಳು. ಹೆಂಡತಿ ಮಕ್ಕಳಿದ್ದ ಅಮೆರಿಕದ ವೀಸಾ ಕೂಡ ವರ್ಷಗಟ್ಟಲೆ ಸಿಗಲಿಲ್ಲ. 1960ರಲ್ಲಿ ಬರ್ಕ್ಲಿಯಲ್ಲಿ ಅಧ್ಯಾಪಕರಾದರು. ಅಲ್ಲಿ ಬರೆದುದನ್ನು ತಡೆಯುವವರಿರಲಿಲ್ಲ, ಓದುವವರೂ ವಿರಳ. ಆದರೂ ಕವಿತೆಗೆ ಪೋಲಿಷನ್ನು ಬಿಡಲಿಲ್ಲ.

ತಾಯ್ನಾಡಿನಲ್ಲಿ ಅವರ ಪುಸ್ತಕಗಳು ನಿಷಿದ್ಧವಾಗಿದ್ದವು, ಕದ್ದು ಓದುವವರಿದ್ದರು. 1980ರಲ್ಲಿ ನೊಬೆಲ್ ಬಂತು. ಅದೇ ವರ್ಷ ಗ್ಡಾನ್ಸ್ಕ್‌ನಲ್ಲಿ, 1970ರಲ್ಲಿ ಹತರಾದ ಹಡಗುಕಟ್ಟೆಯ ಕಾರ್ಮಿಕರ ಸ್ಮಾರಕದ ಮೇಲೆ ಅವರ ಸಾಲುಗಳು ಮೂಡಿದವು. ಕಮ್ಯುನಿಸ್ಟ್ ಆಡಳಿತ ಕುಸಿದ ಮೇಲೆ ಮರಳಿದ ಮಿಲೋಷ್ ಕೊನೆಯುಸಿರೆಳೆದದ್ದು ಕ್ರಾಕೋವ್‌ನಲ್ಲಿ.

ಒಂದು ವ್ಯವಸ್ಥೆ ಕವಿಯ ಮಾತಿಗೆ ಹೆದರಿತು. ಇನ್ನೊಂದು ಅದನ್ನು ಬಹುಕಾಲ ಕೇಳಿಸಿಕೊಳ್ಳಲೇ ಇಲ್ಲ. ಎರಡನೆಯದರಲ್ಲಿ ಕನಿಷ್ಠ ವೇಷ ತೊಡಬೇಕಾಗಿರಲಿಲ್ಲ.