ಲೋಹಮುದ್ರಣದ ಇತಿಹಾಸದಲ್ಲಿ ವೇಗ ಮತ್ತು ಗುಣಪರೀಕ್ಷೆ

ಯಂತ್ರೋದ್ಯಮದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಉತ್ಪಾದನೆಯ ವೇಗವನ್ನೇ ಪ್ರಗತಿಯ ಅಳತೆಗೋಲಾಗಿ ಹಿಡಿಯುತ್ತಾರೆ. ಲೋಹದ ಪುಡಿಯನ್ನು ಪದರಪದರವಾಗಿ ಕರಗಿಸಿ ವಸ್ತುವನ್ನು ನಿರ್ಮಿಸುವ ಲೋಹಮುದ್ರಣಕ್ಕೆ ಈ ಅಳತೆ ಎಷ್ಟರ ಮಟ್ಟಿಗೆ ಸಲ್ಲುತ್ತದೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಕಾರ್ಲ್ ಡೆಕಾರ್ಡ್ ಅವರು ಪುಡಿಯನ್ನು ಲೇಸರ್ ಕಿರಣದಿಂದ ಬೆಸೆಯುವ ಕ್ರಮಕ್ಕೆ 1986ರಲ್ಲಿ ಪೇಟೆಂಟ್ ಕೋರಿದರು. ಹತ್ತು ವರ್ಷಗಳ ತರುವಾಯ, 1996ರಲ್ಲಿ, ಜರ್ಮನಿಯ ಆಕೆನ್ ನಗರದ ಫ್ರೌನ್‌ಹೋಫರ್ ಲೇಸರ್ ಸಂಸ್ಥೆಯ ಸಂಶೋಧಕರು ಲೋಹದ ಪುಡಿಯನ್ನು ಪೂರ್ಣವಾಗಿ ಕರಗಿಸುವ ವಿಧಾನಕ್ಕೆ ಪೇಟೆಂಟ್ ಕೋರಿದರು. ಮುಖ್ಯವಾಗಿ ಮಾದರಿಗಳ ತಯಾರಿಕೆಗೆ ಉಪಯೋಗವಾಗುತ್ತಿದ್ದ ವಿದ್ಯೆಯು ಕ್ರಮೇಣ ಯಂತ್ರಗಳ ಬಿಡಿಭಾಗಗಳತ್ತ ತಿರುಗಿತು.

ಆದರೆ ಈ ವಿಧಾನ ನಿಧಾನವಾದುದು. ಪದರದ ದಪ್ಪ 0.04 ಮಿಲಿಮೀಟರ್ ಆದಲ್ಲಿ ಹತ್ತು ಸೆಂಟಿಮೀಟರ್ ಎತ್ತರದ ವಸ್ತುವಿಗೆ 2,500 ಪದರಗಳು ಬೇಕು. ಕಿರಣದ ಓಟವನ್ನು ಹೆಚ್ಚಿಸಿದರೆ, ಪದರವನ್ನು ದಪ್ಪಗೊಳಿಸಿದರೆ, ಗೆರೆಗಳ ನಡುವಣ ಅಂತರವನ್ನು ಅಗಲಿಸಿದರೆ ಕಾಲ ಉಳಿಯುತ್ತದೆ, ನಿಜ. ಆದರೆ ಪುಡಿಗೆ ದೊರೆಯುವ ಶಾಖವೂ ಕಡಮೆಯಾಗಿ, ಪದರಗಳ ನಡುವೆ ಕರಗದ ತಾಣಗಳು ಉಳಿಯುತ್ತವೆ. ಇದನ್ನು ಸರಿಪಡಿಸಲು ಕಿರಣದ ಶಕ್ತಿಯನ್ನು ಮಿತಿಮೀರಿ ಏರಿಸಿದರೆ, ಲೋಹದ ಆವಿಯಿಂದ ಆಳವಾದ ಕುಳಿಯುಂಟಾಗಿ, ಅದು ಕುಸಿದಾಗ ಗುಳ್ಳೆಗಳು ಒಳಗೇ ಸಿಕ್ಕಿಕೊಳ್ಳುತ್ತವೆ. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ತೀವ್ರವಾದ ಎಕ್ಸ್-ಕಿರಣಗಳ ನೆರವಿನಿಂದ ಈ ಕುಳಿಯನ್ನು ನೇರವಾಗಿ ನೋಡಿದ ಪ್ರಯೋಗಗಳ ವರದಿ 2019ರಲ್ಲಿ ಪ್ರಕಟವಾಯಿತು. ಇಂತಹ ದೋಷಗಳು ಹೊರಗಣ್ಣಿಗೆ ಕಾಣುವುದಿಲ್ಲ. ವಿಮಾನದ ಎಂಜಿನಿನಲ್ಲಿ ಬಿರುಕು ಹುಟ್ಟುವುದು ಅಂತಹ ಎಡೆಯಿಂದಲೇ.

ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಉದಾಹರಣೆ ಇಲ್ಲಿ ಗಮನಾರ್ಹವಾದುದು. ಲೀಪ್ ಎಂಜಿನಿನ ಇಂಧನ ಸೂಸುಕದಲ್ಲಿ ಬಿಡಿಬಿಡಿಯಾಗಿ ಜೋಡಿಸಬೇಕಾಗಿದ್ದ ಸುಮಾರು 20 ಭಾಗಗಳನ್ನು ಅದು ಒಂದೇ ಅಂಗವಾಗಿ ಮುದ್ರಿಸಿತು. 2018ರ ವೇಳೆಗೆ ಅಲಬಾಮಾ ಸಂಸ್ಥಾನದ ಆಬರ್ನ್ ಕಾರ್ಖಾನೆಯಲ್ಲಿ ಇಂತಹ 30,000 ಸೂಸುಕಗಳು ತಯಾರಾಗಿದ್ದವು. ಇಲ್ಲಿಯ ಲಾಭ ಕೇವಲ ಕಿರಣದ ವೇಗದಿಂದ ಬಂದುದಲ್ಲ. ಜೋಡಣೆಯ ಕೆಲಸವೂ, ಪ್ರತಿಯೊಂದು ಜೋಡಣೆಯ ಪರೀಕ್ಷೆಯೂ ತಪ್ಪಿದುದರಿಂದ ಬಂದುದು.

ನಮ್ಮ ದೇಶದ ನಿದರ್ಶನವೂ ಇದನ್ನೇ ಸಮರ್ಥಿಸುತ್ತದೆ. ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನನ್ನು ಇಸ್ರೋ ಸಂಸ್ಥೆಯು ಈ ವಿಧಾನಕ್ಕೆ ಹೊಂದುವಂತೆ ಮಾರ್ಪಡಿಸಿತು; ಅದನ್ನು ನಿರ್ಮಿಸಿದ್ದು ವಿಪ್ರೊ 3ಡಿ. ಹದಿನಾಲ್ಕು ಭಾಗಗಳು ಒಂದಾದವು. 19 ಬೆಸುಗೆಗಳು ಇಲ್ಲವಾದವು. 565 ಕಿಲೋಗ್ರಾಂ ಲೋಹದ ಬದಲು 13.7 ಕಿಲೋಗ್ರಾಂ ಪುಡಿ ಸಾಕಾಯಿತು. ತಯಾರಿಕೆಯ ಕಾಲ ಶೇಕಡಾ 60ರಷ್ಟು ತಗ್ಗಿತು. ಆದರೂ ಈ ಅಂಕಿಗಳಿಗೆ ಬೆಲೆ ಬಂದದ್ದು 2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ ಎಂಜಿನು 665 ಸೆಕೆಂಡುಗಳ ಕಾಲ ಉರಿದು ಪರೀಕ್ಷೆಯನ್ನು ಗೆದ್ದಾಗಲೇ.

ಪರೀಕ್ಷೆಯ ಸ್ವರೂಪವೂ ಈ ನಡುವೆ ಮಾರ್ಪಟ್ಟಿತು. ಅಮೆರಿಕದ ನಾಸಾ ಸಂಸ್ಥೆಯ ಮಾರ್ಷಲ್ ಕೇಂದ್ರವು 2017ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ, ಸಿದ್ಧವಸ್ತುವಿನ ತಪಾಸಣೆಯೊಂದೇ ಸಾಲದೆಂದು, ಯಂತ್ರ, ಪುಡಿ ಮತ್ತು ಕ್ರಮಗಳ ಮೇಲೂ ಹತೋಟಿಯಿರಬೇಕೆಂದು ವಿಧಿಸಲಾಯಿತು. ವಸ್ತುವಿನೊಡನೆಯೇ ಮುದ್ರಿಸಿದ ಸಾಕ್ಷಿತುಂಡುಗಳನ್ನು ಮುರಿದು ನೋಡುವುದು ಇದರ ಅಂಗ. 2020ರಲ್ಲಿ ಹನ್ನೆರಡು ಲೇಸರುಗಳ ಯಂತ್ರವೊಂದು ಜರ್ಮನಿಯಲ್ಲಿ ಪ್ರಕಟವಾದಾಗ ವೇಗ ಬಹುವಾಗಿ ಹೆಚ್ಚಿತು. ಜೊತೆಗೆ, ಎರಡು ಕಿರಣಗಳ ಕ್ಷೇತ್ರ ಕೂಡುವ ಎಡೆಯಲ್ಲಿ ಲೋಹ ಏಕರೂಪವಾಗಿದೆಯೇ ಎಂದು ನೋಡುವ ಹೊಣೆಯೂ ಹೆಚ್ಚಿತು.

ಆದಕಾರಣ ಲೋಹಮುದ್ರಣದ ವೇಗವನ್ನು ಯಂತ್ರ ನಿಂತ ಗಳಿಗೆಯವರೆಗೆ ಅಲ್ಲ, ವಸ್ತು ಅಂಗೀಕೃತವಾದ ದಿನದವರೆಗೆ ಎಣಿಸುವುದು ಯುಕ್ತ. ಮುದ್ರಣದಲ್ಲಿ ಉಳಿದ ಗಂಟೆಗಳು ತಪಾಸಣೆಯಲ್ಲಿ ವ್ಯಯವಾದರೆ ಅದು ಪ್ರಗತಿಯೆನಿಸದು. ತಪಾಸಣೆಯನ್ನೇ ಮೊಟಕುಗೊಳಿಸಿದರೆ ಅದರ ಬೆಲೆಯನ್ನು ತೆರುವವರು ಪ್ರಯಾಣಿಕರು. ಯಂತ್ರಗಳ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಉತ್ಪಾದನೆಯ ಅಂಕಿಗಳೊಡನೆ ತಿರಸ್ಕೃತ ವಸ್ತುಗಳ ದಾಖಲೆಗಳನ್ನೂ ಹುಡುಕಬೇಕಾದುದು ಈ ಕಾರಣದಿಂದಲೇ.